ಸೂಜಿ ಹಿಡಿಯುವ ಮುನ್ನ

ಮಗಳೇ,

ಸಿರುಗುಪ್ಪದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಮಳಿಗೆ ನೋಡಿ ಇಟ್ಟಿದ್ದೀಯಂತೆ, ಆರು ತಿಂಗಳ ಅಕ್ಯುಪಂಕ್ಚರ್ ಕೋರ್ಸಿಗೆ ಸೇರಬೇಕೆಂದಿದ್ದೀಯಂತೆ. ನಿಮ್ಮಮ್ಮ ಹೇಳಿದಳು. ಮೊನ್ನೆ ನೀನೇ ಫೋನ್ ಮಾಡಿ, ಅದೂ ಇದೂ ಮಾತಾಡಿ, ಇಡುವ ಹೊತ್ತಿಗೆ ಕೇಳಿದೆ: "ಅಜ್ಜಾ, ಸೂಜಿ ಚುಚ್ಚಿದ್ರೆ ಖರೇನ ವಾಸಿ ಆಗ್ತದೇನು?" ಫೀಸು ಕಟ್ಟುವ ಮೊದಲು ಈ ಪ್ರಶ್ನೆ ನಿನಗೆ ಬಂತಲ್ಲ, ನನಗೆ ಅದೇ ಸಂತೋಷ. ಬರೆದು ಕಳಿಸುತ್ತೇನೆ ಎಂದಿದ್ದೆ. ಕೂತು ಬರೆಯಲು ನಾಲ್ಕು ದಿನ ಹಿಡಿಯಿತು.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ 34 ವರ್ಷ ಕೂತವನು. ಕುರುಗೋಡು, ಸಿರುಗುಪ್ಪ, ಕೊನೆಗೆ ಬಳ್ಳಾರಿ. ಕಿಟಕಿ ಚಿಕ್ಕದು, ಮುಖಕ್ಕಿಂತ ಮೊದಲು ಕೈ ಒಳಗೆ ಬರುತ್ತಿತ್ತು. ಕೈ ನೋಡಿಯೇ ಯಾವ ಕೆಲಸದವರೆಂದು ಹೇಳಬಹುದಿತ್ತು. ಭತ್ತದ ನಾಟಿ ಹಚ್ಚುವ ಹೆಂಗಸರ ಬೆರಳ ಸಂದು ಕೆಸರಲ್ಲಿ ನೆನೆದು ಬಿಳಿಚಿ ಬಿರಿದಿರುತ್ತಿತ್ತು. ಬಳ್ಳಾರಿಯ ಜೀನ್ಸ್ ಹೊಲಿಯುವವರ ಉಗುರು ನೀಲಿ. ಒಬ್ಬರಿಗೆ ಸೊಂಟ, ಒಬ್ಬರಿಗೆ ಕುತ್ತಿಗೆ. ಇಬ್ಬರೂ ಕೇಳುತ್ತಿದ್ದುದು ನೋವಿನ ಗುಳಿಗೆ. "ಇನ್ನೊಂದು ಹತ್ತು ಕೊಡ್ರಿ ಸರ, ಮತ್ತ ಬರಾಕ ಆಗಂಗಿಲ್ಲ." ವರ್ಷಗಟ್ಟಲೆ ಆ ಗುಳಿಗೆ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಸೋಲುತ್ತದೆ ಎಂಬುದು ಕೊಡುವ ನನಗೆ ಗೊತ್ತಿತ್ತು. ಗೊತ್ತಿದ್ದೇ ಎಣಿಸಿ ಕೊಡುತ್ತಿದ್ದೆ. ಹಾಗಾಗಿ ಗುಳಿಗೆಯಿಲ್ಲದೆ ನೋವು ಇಳಿಸುತ್ತೇನೆ ಎಂದು ಯಾರಾದರೂ ಬಂದರೆ ನಾನು ನಗುವವನಲ್ಲ. ಪಂಡಿತ ತಾರಾನಾಥರ ಹೆಸರಿನ ಆಯುರ್ವೇದ ಕಾಲೇಜು ಇರುವ ಊರು ನಮ್ಮದು. ಇಂಗ್ಲಿಷ್ ಔಷಧಿ ಬಿಟ್ಟು ಬೇರೆಯದೆಲ್ಲ ಸುಳ್ಳು ಎನ್ನುವ ಹಟ ನನಗಿಲ್ಲ.

ನಿವೃತ್ತಿಯಾದ ವರ್ಷ ನನ್ನ ಬಲಭುಜ ಹಿಡಿದುಕೊಂಡಿದ್ದು ನಿನಗೆ ನೆನಪಿರಬೇಕು. ಅಂಗಿ ತೊಡಲು ಇನ್ನೊಬ್ಬರು ಬೇಕು, ತಲೆ ಬಾಚಲು ಎಡಗೈ. ಗೆಳೆಯರೊಬ್ಬರ ಮಾತು ಕೇಳಿ ಬಳ್ಳಾರಿಯಲ್ಲಿ ಸೂಜಿ ಹಾಕುವ ಡಾಕ್ಟರೊಬ್ಬರ ಬಳಿ ಹೋದೆ. ಅದು ಇಂಜೆಕ್ಷನ್ ಸೂಜಿಯಲ್ಲ, ಒಳಗೆ ತೂತಿಲ್ಲ. ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಎಳೆ, ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲಿಟ್ಟು, ಅದರಿಂದ ತುಸುವೇ ಮೇಲೆ ಇಣುಕುವ ಸೂಜಿಯ ತಲೆಗೆ ಟಕ್ಕನೆ ತಟ್ಟಿದರು. ಇರುವೆ ಕಚ್ಚಿದಷ್ಟೂ ನೋವಿಲ್ಲ. ಆಮೇಲೆ ಎರಡು ಬೆರಳಲ್ಲಿ ಸೂಜಿಯನ್ನು ತಿರುವಿದಾಗ ಒಳಗೆ ಏನೋ ಜಗ್ಗಿದ ಹಾಗಾಗಿ ತೋಳು ಭಾರವಾಯಿತು, ಜುಮ್ಮೆಂದಿತು. ಇಪ್ಪತ್ತು ನಿಮಿಷ ಫ್ಯಾನ್ ನೋಡುತ್ತ ಮಲಗಿದ್ದೆ.

ಆದರೆ ನನ್ನ ಮನಸ್ಸಲ್ಲಿ ಉಳಿದದ್ದು ಸೂಜಿಗೂ ಮುಂಚಿನ ಅರ್ಧ ಗಂಟೆ. ನಿದ್ದೆ ಹೇಗಿದೆ, ಯಾವ ಮಗ್ಗುಲಿಗೆ ಮಲಗುತ್ತೀರಿ, ಮನೆಯವರು ತೀರಿಕೊಂಡು ಎಷ್ಟು ದಿನವಾಯಿತು, ಅಡುಗೆ ಯಾರು ಮಾಡುತ್ತಾರೆ. ಅಷ್ಟು ವರ್ಷ ಆಸ್ಪತ್ರೆಯಲ್ಲೇ ಇದ್ದ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಹತ್ತು ಸಲ ಹೋದೆ. ಮೂರನೇ ಸಲಕ್ಕೇ ರಾತ್ರಿ ನಿದ್ದೆ ಹತ್ತಿತು, ನಾಲ್ಕು ತಿಂಗಳಿಗೆ ತೋಳು ಮೇಲೆದ್ದಿತು. ಸೂಜಿಯಿಂದಲೇ ವಾಸಿಯಾಯಿತೆಂದು ಊರಿಗೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಆದರೆ ಅದೇ ದಿನಗಳಲ್ಲಿ ಗೋಡೆಗೆ ಬೆರಳು ಹಚ್ಚಿ ಇಂಚಿಂಚಾಗಿ ಮೇಲೇರಿಸುವ ವ್ಯಾಯಾಮವನ್ನೂ ಮಾಡುತ್ತಿದ್ದೆ. ಮೇಲಾಗಿ, ಹಿಡಿದ ಭುಜ ಬಹಳ ಜನರಿಗೆ ಒಂದೆರಡು ವರ್ಷದಲ್ಲಿ ತಾನೇ ಸಡಿಲುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಕಾಮಾಲೆಗೆ ಬರೆ ಹಾಕಿಸಿಕೊಂಡವರೂ "ಬರೆಯಿಂದ ವಾಸಿಯಾಯಿತು" ಎನ್ನುತ್ತಿದ್ದರು. ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುವಂಥದ್ದು. ಹೆಸರು ಬರೆಗೆ ಬಂತು, ಗಾಯ ಮೈಗೆ ಉಳಿಯಿತು. ನನ್ನ ಒಂದು ಭುಜ ನಿನ್ನ ಪ್ರಶ್ನೆಗೆ ಉತ್ತರ ಕೊಡಲಾರದು, ಮಗಳೇ. ಸಾವಿರ ಭುಜ, ಸಾವಿರ ಸೊಂಟ ಎಣಿಸಿದವರನ್ನು ಕೇಳಬೇಕು.

ಎಣಿಸಿದವರಿದ್ದಾರೆ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1162 ಜನರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಚೀನೀ ಶಾಸ್ತ್ರ ಹೇಳುವ ಬಿಂದುಗಳಲ್ಲಿ ಸೂಜಿ. ಇನ್ನೊಂದಕ್ಕೆ ಶಾಸ್ತ್ರದಲ್ಲಿಲ್ಲದ ಜಾಗಗಳಲ್ಲಿ, ಮೇಲುಮೇಲೆ ಸೂಜಿ. ಮೂರನೆಯದಕ್ಕೆ ಗುಳಿಗೆ, ವ್ಯಾಯಾಮ, ಮಾಮೂಲಿ ಚಿಕಿತ್ಸೆ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳಿಗೆ ಗುಣ ಕಂಡವರು ಮೊದಲ ಪಾಲಿನಲ್ಲಿ ನೂರಕ್ಕೆ 48, ಎರಡನೆಯದರಲ್ಲಿ 44, ಮೂರನೆಯದರಲ್ಲಿ 27. ಈ ಮೂರು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಒಂದು ದಿನವೆಲ್ಲ ನೋಡು. ಸೂಜಿ ಹಾಕಿಸಿಕೊಂಡವರು ಗುಳಿಗೆಯವರಿಗಿಂತ ಚೆನ್ನಾಗಿದ್ದರು, ಇದು ನಿಜ. ಸೂಜಿ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ, ಇದೂ ಅಷ್ಟೇ ನಿಜ. ಕೋರ್ಸಿನಲ್ಲಿ ನಿನಗೆ ಬಾಯಿಪಾಠ ಮಾಡಿಸುವುದು ಮುನ್ನೂರಕ್ಕೂ ಹೆಚ್ಚು ಬಿಂದುಗಳ ಆ ನಕ್ಷೆಯನ್ನೇ.

ಹಾಗಂತ ನಕ್ಷೆ ಪೂರ್ತಿ ವ್ಯರ್ಥ ಎಂದೂ ನಾನು ಹೇಳುವುದಿಲ್ಲ. ಸುಮಾರು 18,000 ಜನರ ಲೆಕ್ಕವನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದಾಗ, ಸೊಂಟ, ಕುತ್ತಿಗೆ, ಮಂಡಿ, ತಲೆನೋವುಗಳಲ್ಲಿ ನಿಜವಾದ ಸೂಜಿ ಹುಸಿ ಸೂಜಿಗಿಂತ ಸ್ವಲ್ಪ ಮುಂದಿತ್ತು. ಸ್ವಲ್ಪವೇ, ಆದರೆ ಇತ್ತು. ಆಪರೇಷನ್ ಆದಮೇಲೆ ಬರುವ ವಾಂತಿಗೆ ಮಣಿಕಟ್ಟಿನ ಒಳಬದಿಯಲ್ಲಿ, ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುಹುರಿಗಳ ನಡುವೆ ಒತ್ತುವ ಬಿಂದುವಿಗೆ ಒಳ್ಳೆಯ ಆಧಾರವಿದೆ. ನೋವನ್ನು ಮಂಕು ಮಾಡುವ ಅಫೀಮಿನಂಥ ರಸವನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ, ಸೂಜಿ ಅದನ್ನು ಕೆರಳಿಸುತ್ತದೆ ಎಂದು 1970ರ ದಶಕದಿಂದಲೂ ಪ್ರಯೋಗಗಳು ತೋರಿಸಿವೆ. 'ಚಿ' ಎಂಬ ಪ್ರಾಣಶಕ್ತಿ ಹರಿಯುವ ನಾಳಗಳನ್ನು ಮಾತ್ರ ಹೆಣ ಕೊಯ್ದು ನೋಡಿದ ಯಾರೂ ಕಂಡಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದೇ. ನಾಟಕದ ಕಂಪನಿಯ ಚೂರಿ ನೋಡಿದ್ದೀಯಲ್ಲ, ಎದೆಗೆ ಒತ್ತಿದರೆ ಅಲಗು ಹಿಡಿಯೊಳಗೆ ಸರಿಯುತ್ತದೆ. ಬಳ್ಳಾರಿ ರಾಘವರ ಊರಿನವರಿಗೆ ಅದನ್ನು ವಿವರಿಸಬೇಕಿಲ್ಲ. ಅಂಥದೇ ಸೂಜಿಯನ್ನು ಪ್ರಯೋಗಕ್ಕೆಂದು ಮಾಡಿದ್ದಾರೆ; ಚುಚ್ಚಿದಂತೆ ಅನಿಸುತ್ತದೆ, ಚರ್ಮದೊಳಗೆ ಹೋಗುವುದಿಲ್ಲ. ಅಮೆರಿಕದಲ್ಲಿ ಕರುಳಿನ ತೊಂದರೆಯಿದ್ದ 262 ಜನರಲ್ಲಿ ಕೆಲವರನ್ನು ಸುಮ್ಮನೆ ಕಾಯಿಸಿದರು: ನೂರಕ್ಕೆ 28 ಜನ ಹಗುರಾದೆವು ಎಂದರು. ಕೆಲವರಿಗೆ ಈ ಹುಸಿ ಸೂಜಿಯನ್ನು ಹೆಚ್ಚು ಮಾತಿಲ್ಲದೆ ಹಾಕಿದರು: 44. ಉಳಿದವರಿಗೆ ಅದೇ ಹುಸಿ ಸೂಜಿ, ಜೊತೆಗೆ ಹತ್ತಿರ ಕೂತು ಅವರ ಕಷ್ಟವನ್ನು ಗಮನವಿಟ್ಟು ಕೇಳಿದರು: 62. ಇದು 2008ರ ಮಾತು. ಓದಿದ ದಿನ ನನಗೆ ಆ ಡಾಕ್ಟರು ಕೇಳಿದ "ಅಡುಗೆ ಯಾರು ಮಾಡುತ್ತಾರೆ" ಎಂಬ ಪ್ರಶ್ನೆ ನೆನಪಾಯಿತು. ಕಿಟಕಿಯಾಚೆ ಸಾಲಿನಲ್ಲಿ ನಿಂತ ಆ ಕೈಗಳೂ ನೆನಪಾದವು.

ಹಾಗಾದರೆ ಸೂಜಿ ಹಾಕುವುದರಲ್ಲಿ ತಪ್ಪೇನು ಎಂದು ನೀನು ಕೇಳಬಹುದು. ನೋವು ಇಳಿಯುವುದೇ ಬೇರೆ, ರೋಗ ಇಳಿಯುವುದೇ ಬೇರೆ. ಆ ಗೆರೆ ದಾಟಿದ ಕಡೆ ತಪ್ಪು ಶುರುವಾಗುತ್ತದೆ. ಕುರುಗೋಡು ಹತ್ತಿರದ ಒಂದು ಹಳ್ಳಿಯಿಂದ ಒಬ್ಬಾಕೆ ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ಗುಳಿಗೆಗೆ ಬರುತ್ತಿದ್ದಳು. ಎಲೆಯಡಿಕೆ ಚೀಲದಲ್ಲೇ ಚೀಟಿ ಮಡಚಿಟ್ಟು ತರುತ್ತಿದ್ದಳು, ಚೀಟಿಗೆ ಸುಣ್ಣ ಮೆತ್ತಿರುತ್ತಿತ್ತು. ಒಂದು ಸಲ ನಾಲ್ಕು ತಿಂಗಳು ಕಾಣಲೇ ಇಲ್ಲ. ಅಂಗಾಲು ಉರಿಗೆಂದು ಯಾವುದೋ ಊರಲ್ಲಿ ಸೂಜಿ ಹಾಕಿಸಿಕೊಳ್ಳುತ್ತಿದ್ದಳಂತೆ. ಉರಿ ಕಡಿಮೆಯಾಗಿತ್ತು. "ಇನ್ನ ಗುಳಿಗಿ ಬ್ಯಾಡ ಅಂದ್ರು ಸರ." ದೊಡ್ಡಬಸವೇಶ್ವರನ ತೇರಿನ ದಿನ ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದಿತ್ತು, ಕಾಲಿಗೆ ಸ್ಪರ್ಶವೇ ಇರಲಿಲ್ಲವಾದ್ದರಿಂದ ತಿಳಿದಿರಲಿಲ್ಲ. ನನ್ನ ಕಿಟಕಿಗೆ ಬಂದಾಗ ಪಾದಕ್ಕೆ ಸೀರೆಯ ಅಂಚು ಸುತ್ತಿದ್ದಳು, ವಾಸನೆ ಬರುತ್ತಿತ್ತು. ಬಳ್ಳಾರಿಗೆ ಕಳಿಸಿದೆವು. ಎರಡು ಬೆರಳು ತೆಗೆದರು. ಸೂಜಿ ಆಕೆಗೆ ಕೆಡುಕು ಮಾಡಲಿಲ್ಲ, ಒಂದು ವಾಕ್ಯ ಮಾಡಿತು. ಅದನ್ನಾಡಿದವರು ಕೆಟ್ಟವರಿರಲಿಕ್ಕಿಲ್ಲ. ಉರಿ ಇಳಿದದ್ದನ್ನು ಕಂಡು ಅವರಿಗೇ ನಂಬಿಕೆ ಬಂದಿರಬೇಕು.

ನಿನ್ನ ಕೋರ್ಸಿನ ಕರಪತ್ರದಲ್ಲಿ ಡಾಕ್ಟರ್ ಕೋಟ್ನಿಸರ ಚಿತ್ರವಿದೆ ಎಂದೆಯಲ್ಲ. ದ್ವಾರಕಾನಾಥ ಕೋಟ್ನಿಸ್ ನಮ್ಮ ಪಕ್ಕದ ಸೊಲ್ಲಾಪುರದವರು. ಚೀನಾ ಜಪಾನಿನ ದಾಳಿಗೆ ಸಿಕ್ಕಿದ್ದಾಗ 1938ರಲ್ಲಿ ಇಲ್ಲಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿಗೆ, ಅಲ್ಲೇ ತೀರಿಕೊಂಡರು. ಅವರು ಭಾರತಕ್ಕೆ ಸೂಜಿ ಚಿಕಿತ್ಸೆ ತಂದವರಲ್ಲ, ಮರಳಿ ಬರಲೇ ಇಲ್ಲವಲ್ಲ. ತಂದವರು ಅದೇ ತಂಡದ ಬಂಗಾಳದ ಡಾಕ್ಟರ್ ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಕಲಿತು ಬಂದು ಕಲ್ಕತ್ತೆಯಲ್ಲಿ ಶುರುಮಾಡಿದರು. ಕೋಟ್ನಿಸರು ಶಸ್ತ್ರಚಿಕಿತ್ಸಕರು, ಗುಂಡು ಬಿದ್ದ ಸೈನಿಕರನ್ನು ಆಪರೇಷನ್ ಮಾಡಿ ಉಳಿಸಿದವರು. ಬಸು ಅವರೂ ಪೂರ್ತಿ ಓದಿದ ವೈದ್ಯರು. ಸೂಜಿ ಎಲ್ಲಿಗೆ ಸಾಲದು ಎಂಬುದು ಅವರಿಗೆ ಗೊತ್ತಿತ್ತು. ಆರು ತಿಂಗಳಲ್ಲಿ ನಿನಗೆ ಅದು ಹೇಗೆ ಗೊತ್ತಾಗಬೇಕು? ಸೊಂಟನೋವೆಂದು ಬಂದವಳಿಗೆ ಬೆನ್ನುಮೂಳೆಯ ಕ್ಷಯವಿದ್ದರೆ? ಭುಜನೋವೆಂದು ಬಂದವನಿಗೆ ಹೃದಯಾಘಾತವಾಗುತ್ತಿದ್ದರೆ?

ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿದ್ದು ನಿಜ. ಮಾನ್ಯತೆ ಸಿಕ್ಕಿತೆಂದರೆ ಎಲ್ಲ ರೋಗಕ್ಕೂ ಗುಣವಿದೆ ಎಂದಲ್ಲ. ಸಕ್ಕರೆ ಕಾಯಿಲೆ, ಲಕ್ವ, ಕ್ಯಾನ್ಸರಿಗೆ ಔಷಧಿಯಿದೆ ಎಂದು ಜಾಹೀರಾತು ಕೊಡುವುದನ್ನು 1954ರಷ್ಟು ಹಿಂದೆಯೇ ಕಾನೂನು ತಡೆದಿದೆ. ಬೋರ್ಡು ಬರೆಸುವಾಗ ಪೇಂಟರ್ ಪಕ್ಕದ ಊರಿನ ಬೋರ್ಡು ನೋಡಿ ಆ ರೋಗಗಳ ಪಟ್ಟಿಯನ್ನೆಲ್ಲ ತಾನೇ ಸೇರಿಸಿಬಿಡುತ್ತಾನೆ, ಹುಷಾರು.

ನಿನಗೆ ಈ ಕೆಲಸದ ಮೇಲೆ ಮನಸ್ಸಿದೆ, ಅದನ್ನು ಮುರಿಯುವುದಿಲ್ಲ. ಆದರೆ ದಾರಿ ಉದ್ದ ಮಾಡಿಕೊ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿ.ಎನ್.ವೈ.ಎಸ್. ಪದವಿ ಐದೂವರೆ ವರ್ಷದ್ದು. ಉಜಿರೆಯಲ್ಲಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಅಲ್ಲಿ ಶರೀರಶಾಸ್ತ್ರವನ್ನೂ ಓದಿಸುತ್ತಾರೆ, ಅಕ್ಯುಪಂಕ್ಚರನ್ನೂ ಕಲಿಸುತ್ತಾರೆ. ಅದಾಗದಿದ್ದರೆ ಫಿಸಿಯೋಥೆರಪಿ ಓದು. ನಾಟಿ ಹಚ್ಚುವವರ ಸೊಂಟಕ್ಕೆ, ಹೊಲಿಗೆಯವರ ಕುತ್ತಿಗೆಗೆ ಸಿರುಗುಪ್ಪದಲ್ಲಿ ನಿನ್ನಿಂದ ಆಗಬೇಕಾದ ಕೆಲಸ ಬೆಟ್ಟದಷ್ಟಿದೆ. ಮುಂದೊಂದು ದಿನ ಸೂಜಿ ಹಿಡಿದರೆ ಪ್ರತಿ ಸಲವೂ ರೋಗಿಯ ಎದುರೇ ಹೊಸ ಪಾಕೀಟು ಒಡೆ. ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ದಾಟುತ್ತದೆ. ಎದೆ, ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಹೋಗಬೇಡ, ಕೆಳಗೆ ಶ್ವಾಸಕೋಶವಿದೆ. ರಕ್ತ ತೆಳು ಮಾಡುವ ಗುಳಿಗೆ ತಿನ್ನುತ್ತಾರಾ, ಪಾದಕ್ಕೆ ಸ್ಪರ್ಶ ಇದೆಯಾ ಎಂದು ಕೇಳದೆ ಮುಟ್ಟಬೇಡ. ಯಾರ ಗುಳಿಗೆಯನ್ನೂ ನೀನು ನಿಲ್ಲಿಸಬೇಡ.

ಭಾನುವಾರ ಇಲ್ಲಿಗೆ ಬಾ, ನಿಮ್ಮಮ್ಮನನ್ನೂ ಕರೆದುಕೊಂಡು ಬಾ. ಅವಳ ಮಂಡಿಗೆ ನನ್ನ ಆ ಡಾಕ್ಟರ ಹತ್ತಿರ ಸೂಜಿ ಹಾಕಿಸೋಣ, ನನ್ನ ಅಡ್ಡಿಯಿಲ್ಲ. ಬಿ.ಪಿ. ಗುಳಿಗೆಯ ಚೀಟಿ ಜೊತೆಗಿರಲಿ. ಕಳೆದ ಸಲ ಬಂದಾಗ ಬೆಳಗಿನದನ್ನು ತಗೊಂಡಳೋ ಇಲ್ಲವೋ ನನಗೆ ಅನುಮಾನವಿತ್ತು. ಅವಳೆದುರೇ ಪಟ್ಟಿ ಬಿಚ್ಚಿ ಎಣಿಸಿ ನೋಡುತ್ತೇನೆ.