*ಅಮೆರಿಕದ ಗಡಿಯಾರ ಸರಿದಾಗ ನಮ್ಮ ಮನೆಯ ಊಟ, ಮಾತ್ರೆ, ನಿದ್ದೆ*



ಡೊಂಬಿವಲಿಯಲ್ಲಿರುವ ನಮ್ಮ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ನಡೆದದ್ದು. ಅವರಿಗೆ ಸಕ್ಕರೆ ಕಾಯಿಲೆ. ಮಗಳು, ಮೊಮ್ಮಗ ನ್ಯೂ ಜೆರ್ಸಿಯಲ್ಲಿ. ಪ್ರತಿ ಭಾನುವಾರ ರಾತ್ರಿ 8 ಗಂಟೆಗೆ ವಿಡಿಯೊ ಕಾಲ್. 7.45ಕ್ಕೆ ಇನ್ಸುಲಿನ್ ತೆಗೆದುಕೊಂಡು, ಮೊಮ್ಮಗನ ಜೊತೆ ಹತ್ತು ನಿಮಿಷ ಮಾತಾಡಿ ಊಟಕ್ಕೆ ಕೂರುವುದು ರೂಢಿ.

ಆವತ್ತು ನವೆಂಬರ್ ಮೊದಲ ಭಾನುವಾರ. 8 ಆಯಿತು, 8.30 ಆಯಿತು, ಕಾಲ್ ಇಲ್ಲ. "ಈಗ ಬರುತ್ತೆ, ತಾಳು" ಎಂದು ಬಡಿಸಿದ ತಟ್ಟೆಯನ್ನು ಪಕ್ಕಕ್ಕಿಟ್ಟರು. 8.50ರ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಹೆಂಡತಿ ಗಾಬರಿಯಲ್ಲೂ ಸಕ್ಕರೆ ನೀರು ಕುಡಿಸಿದರು, ಚೇತರಿಸಿಕೊಂಡರು. ಸರಿಯಾಗಿ 9ಕ್ಕೆ ಫೋನ್ ಬಂತು. ಮಗಳು ತಡ ಮಾಡಿರಲಿಲ್ಲ. ಅವಳ ಗಡಿಯಾರದಲ್ಲಿ ಎಂದಿನಂತೆ ಬೆಳಗಿನ 10.30 ಆಗಿತ್ತು. ಹಿಂದಿನ ರಾತ್ರಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟಿದ್ದರು, ಅಷ್ಟೇ.

*ಅಲ್ಲಿ ಗಡಿಯಾರ ಯಾಕೆ ಬದಲಾಗುತ್ತದೆ?*

ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ. ನ್ಯೂಯಾರ್ಕಿನಲ್ಲಿ ಅದು ಹತ್ತಿರ ಹತ್ತಿರ ಆರು ಗಂಟೆ. ಬೇಸಿಗೆಯಲ್ಲಿ ಸಂಜೆಯ ಬೆಳಕು ಹೆಚ್ಚು ಸಿಗಲಿ ಎಂದು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಇದು 1918ರಲ್ಲಿ ಶುರುವಾಯಿತು. ಊರಿಗೊಂದು ಪದ್ಧತಿಯಾಗಿ ಗೊಂದಲವಾದಾಗ 1966ರಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ತಂದರು. 2007ರಿಂದ ನಿಯಮ ಹೀಗಿದೆ:

▪️ಮಾರ್ಚ್ ಎರಡನೇ ಭಾನುವಾರ: ಒಂದು ಗಂಟೆ ಮುಂದೆ
▪️ನವೆಂಬರ್ ಮೊದಲ ಭಾನುವಾರ: ಒಂದು ಗಂಟೆ ಹಿಂದೆ

ಎಲ್ಲ ರಾಜ್ಯಗಳೂ ಇದನ್ನು ಪಾಲಿಸುವುದಿಲ್ಲ. ಹವಾಯಿಯಲ್ಲಿ ಹಗಲಿನ ಅಳತೆ ವರ್ಷವಿಡೀ ಹೆಚ್ಚು ಬದಲಾಗದ್ದರಿಂದ ಅಲ್ಲಿ ಈ ಪದ್ಧತಿ ಇಲ್ಲ. ಅರಿಜೋನಾದಲ್ಲಿ ಸುಡುಬಿಸಿಲು, ಸಂಜೆ ಬೇಗ ಕತ್ತಲಾದರೆ ಸಾಕು ಎನ್ನುವವರೇ ಜಾಸ್ತಿ. ಆದರೆ ಅದೇ ಅರಿಜೋನಾದೊಳಗಿನ ನವಾಹೋ ಬುಡಕಟ್ಟಿನವರ ನಾಡಿನಲ್ಲಿ ಗಡಿಯಾರ ಬದಲಾಗುತ್ತದೆ!

*ನಾವು ಅವರಿಗಿಂತ ಎಷ್ಟು ಮುಂದೆ?* (ಮೊದಲನೆಯದು ಚಳಿಗಾಲ, ಎರಡನೆಯದು ಬೇಸಿಗೆ)

▪️ನ್ಯೂಯಾರ್ಕ್, ನ್ಯೂ ಜೆರ್ಸಿ: ಹತ್ತೂವರೆ ಗಂಟೆ / ಒಂಬತ್ತೂವರೆ ಗಂಟೆ
▪️ಷಿಕಾಗೊ, ಡಲ್ಲಾಸ್: ಹನ್ನೊಂದೂವರೆ / ಹತ್ತೂವರೆ
▪️ಡೆನ್ವರ್: ಹನ್ನೆರಡೂವರೆ / ಹನ್ನೊಂದೂವರೆ
▪️ಕ್ಯಾಲಿಫೋರ್ನಿಯಾ, ಸಿಯಾಟಲ್: ಹದಿಮೂರೂವರೆ / ಹನ್ನೆರಡೂವರೆ
▪️ಫೀನಿಕ್ಸ್ (ಅರಿಜೋನಾ): ವರ್ಷವಿಡೀ ಹನ್ನೆರಡೂವರೆ

ನೆನಪಿಡಲು ಸುಲಭ ಸೂತ್ರ: *ಮಾರ್ಚ್‌ನಲ್ಲಿ ಕಾಲ್ ಒಂದು ಗಂಟೆ ಬೇಗ, ನವೆಂಬರ್‌ನಲ್ಲಿ ಒಂದು ಗಂಟೆ ತಡ.*

*ದೇಹಕ್ಕೆ ಏನಾಗುತ್ತದೆ?*

ಗೋಡೆ ಗಡಿಯಾರದ ಮುಳ್ಳನ್ನು ತಿರುಗಿಸಬಹುದು. ಮೆದುಳಿನೊಳಗಿನ ಗಡಿಯಾರ ಮಾತ್ರ ಬೆಳಗಿನ ಬೆಳಕಿನ ಮಾತನ್ನೇ ಕೇಳುತ್ತದೆ. ಮಾರ್ಚ್‌ನಲ್ಲಿ ಒಂದು ಗಂಟೆ ನಿದ್ದೆ ಖೋತಾ, ಬೆಳಗ್ಗೆ ಕತ್ತಲು, ಸಂಜೆ ತಡವಾಗಿ ಬೆಳಕು. ಹೀಗಾಗಿ ನಿದ್ದೆ ಬರುವುದೂ ತಡ. ಸ್ವೀಡನ್ ದೇಶದ ಆಸ್ಪತ್ರೆ ದಾಖಲೆಗಳನ್ನು ನೋಡಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡಿಯಾರ ಮುಂದಿಟ್ಟ ಮೊದಲ ವಾರ ಹೃದಯಾಘಾತಗಳು ಶೇ. 5ರಷ್ಟು ಹೆಚ್ಚಿದ್ದವು. ಅಮೆರಿಕದಲ್ಲಿ ಆ ವಾರ ಜೀವ ತೆಗೆಯುವ ರಸ್ತೆ ಅಪಘಾತಗಳು ಶೇ. 6ರಷ್ಟು ಹೆಚ್ಚುತ್ತವೆ ಎಂದು 2020ರ ಇನ್ನೊಂದು ಅಧ್ಯಯನ ಹೇಳಿದೆ. ಹೆದರಬೇಕಾದಷ್ಟು ದೊಡ್ಡ ಏರಿಕೆಯಲ್ಲ. ಆದರೆ ಹೃದ್ರೋಗ ಇದ್ದವರು, ದೂರ ಕಾರು ಓಡಿಸುವವರು ಆ ವಾರ ಜಾಗ್ರತೆಯಾಗಿರಬೇಕು.

ಹಾಗಾದರೆ ವರ್ಷವಿಡೀ ಬೇಸಿಗೆ ಸಮಯವನ್ನೇ ಇಟ್ಟುಕೊಂಡರೆ? 1974ರ ಜನವರಿಯಲ್ಲಿ ಅಮೆರಿಕ ಅದನ್ನೂ ಮಾಡಿ ನೋಡಿತು. ಚಳಿಗಾಲದ ಕಗ್ಗತ್ತಲಲ್ಲಿ ಮಕ್ಕಳು ಶಾಲೆಗೆ ಹೊರಡಬೇಕಾಯಿತು. ಜನ ಬೇಡವೆಂದರು, ಅದೇ ವರ್ಷ ಕೈಬಿಟ್ಟರು. ಅಲ್ಲಿನ ನಿದ್ರಾ ವೈದ್ಯರ ಸಂಸ್ಥೆಯೂ ಬೇಸಿಗೆ ಸಮಯ ಬೇಡ, ಚಳಿಗಾಲದ ಸಮಯವೇ ಕಾಯಂ ಇರಲಿ ಎನ್ನುತ್ತದೆ. ಅದರಲ್ಲಿ ಬೆಳಗಿನ ಬೆಳಕು ಹೊತ್ತಿಗೆ ಸರಿಯಾಗಿ ಸಿಗುತ್ತದೆ.

*ಇಲ್ಲಿರುವ ನಾವು ಏನು ಮಾಡಬೇಕು?*

1. ಇನ್ಸುಲಿನ್ ಆದ ಮೇಲೆ ಊಟ ಕಾಯಬಾರದು. ಫೋನ್ ಕಾಯಲಿ. ಮೊಮ್ಮಗನಿಗೆ ತಟ್ಟೆ ತೋರಿಸುತ್ತಲೇ ಉಂಡರಾಯಿತು.

2. ಬೆವರು, ನಡುಕ, ತೊದಲು ಕಂಡರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಅಥವಾ ಅರ್ಧ ಲೋಟ ಹಣ್ಣಿನ ರಸ ಕೊಡಿ. 15 ನಿಮಿಷ ಬಿಟ್ಟು ಶುಗರ್ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

3. ಮಾರ್ಚ್ ನಂತರ 7.30ರ ಕಾಲ್ 6.30ಕ್ಕೇ ಬರುತ್ತದೆ. ಅದು ಥೈರಾಯ್ಡ್ ಮಾತ್ರೆಯ ಹೊತ್ತು, ವಾಕಿಂಗ್ ಹೊತ್ತು. ಮಾತಿನ ಭರದಲ್ಲಿ ಮಾತ್ರೆ ಮರೆಯಬೇಡಿ. ವಾಕಿಂಗ್ ತಪ್ಪುತ್ತಿದ್ದರೆ ಕಾಲ್ ಹೊತ್ತು ಬದಲಿಸಲು ಮಕ್ಕಳಿಗೆ ಸಂಕೋಚವಿಲ್ಲದೆ ಹೇಳಿ.

*ಅಲ್ಲಿರುವ ಮಕ್ಕಳಿಗೆ*

4. ಮಾರ್ಚ್ ಬದಲಾವಣೆಗೆ ಮೂರು ನಾಲ್ಕು ದಿನ ಮೊದಲೇ ದಿನಕ್ಕೆ 15-20 ನಿಮಿಷ ಬೇಗ ಮಲಗಿ, ಬೇಗ ಏಳಿ. ಎದ್ದ ಕೂಡಲೇ ಬೆಳಕಿಗೆ ಬನ್ನಿ. ಸೋಮವಾರ ನಿದ್ದೆಗಣ್ಣಲ್ಲಿ ಕಾರು ಓಡಿಸಬೇಡಿ.

5. ಗಡಿಯಾರ ಬದಲಾಗುವ ಹಿಂದಿನ ದಿನ ಅಪ್ಪ ಅಮ್ಮನಿಗೆ ಒಂದು ಮೆಸೇಜ್ ಹಾಕಿ: "ನಾಳೆಯಿಂದ ಕಾಲ್ ಇಷ್ಟು ಹೊತ್ತಿಗೆ." ಇದೊಂದು ಸಾಲು ಡೊಂಬಿವಲಿಯ ಆ ರಾತ್ರಿಯನ್ನು ತಪ್ಪಿಸುತ್ತಿತ್ತು.

*ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಅಲ್ಲಿಗೆ ಹೋದ ಹಿರಿಯರಿಗೆ*

6. ಮೊಬೈಲ್ ತಾನಾಗಿಯೇ ಸಮಯ ಬದಲಿಸಿಕೊಳ್ಳುತ್ತದೆ, ಗೋಡೆ ಗಡಿಯಾರ ಬದಲಿಸಿಕೊಳ್ಳುವುದಿಲ್ಲ. ಆ ದಿನ ಮೊಬೈಲ್ ನೋಡಿಯೇ ಮಾತ್ರೆ ತೆಗೆದುಕೊಳ್ಳಿ.

7. ದಿನಕ್ಕೊಂದು ಬಿಪಿ ಮಾತ್ರೆ ಒಂದು ಗಂಟೆ ಆಚೀಚೆ ಆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪಾರ್ಕಿನ್ಸನ್, ಮೂರ್ಛೆ ರೋಗದಂಥ ಹೊತ್ತಿಗೆ ಸರಿಯಾಗಿ ಬೇಕಾದ ಔಷಧಿಗಳನ್ನು ಹೇಗೆ ಹೊಂದಿಸಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

8. ನವೆಂಬರ್‌ನ ಆ ರಾತ್ರಿ 1ರಿಂದ 2 ಗಂಟೆ ಎರಡು ಸಲ ಬರುತ್ತದೆ. ಆ ಹೊತ್ತಿನ ಮಾತ್ರೆ ಇದ್ದರೆ ಎರಡು ಸಲ ನುಂಗಬೇಡಿ.

ಇವತ್ತೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಎರಡು ಭಾನುವಾರಗಳಿಗೆ ಗುರುತು ಹಾಕಿ.

_ಇದು ತಿಳಿವಳಿಕೆಗಾಗಿ ಮಾತ್ರ. ಔಷಧಿಯ ಪ್ರಮಾಣ ಬದಲಿಸುವ ಮುನ್ನ ನಿಮ್ಮ ಡಾಕ್ಟರನ್ನು ಕೇಳಿ._

ಮಕ್ಕಳು ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ದಯವಿಟ್ಟು ಕಳುಹಿಸಿ 🙏