ಬಿಟ್ಟ ಕೆಲಸವನ್ನು ಬೈಯಬೇಡ, ಮಗಳೇ

ಮಗಳೇ, ಅಮೆರಿಕದ ಹಲ್ಲಿನ ಕಾಲೇಜಿನ ಅರ್ಜಿಗೆಂದು ನೀನು ಬರೆದು ಕಳಿಸಿದ ಕರಡನ್ನು ನಿಧಾನವಾಗಿ ಓದಿದೆ. ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಅಮೆರಿಕದಲ್ಲೂ ಅದೇ ಕೆಲಸದಲ್ಲಿ ನೆಲೆನಿಂತವಳು ಈಗ ಹಲ್ಲಿನ ಡಾಕ್ಟರಾಗಲು ಹೊರಟಿದ್ದೀಯ. ಆಲೂರಿನ ನಿಮ್ಮ ಮನೆಯಲ್ಲಿ ಈ ವಿಚಾರಕ್ಕೆ ಏನೇನು ಮಾತು ಬಂದಿರಬಹುದೆಂದು ಬಲ್ಲೆ. ಅದಿರಲಿ. ಸಕಲೇಶಪುರದ ಸುತ್ತಮುತ್ತಲಿನವರ ಬಾಯಿ ನೋಡುತ್ತಲೇ ವಯಸ್ಸಾದವನು ನಾನು. ನೀನು ಬರುತ್ತಿರುವುದು ಒಳ್ಳೆಯ ಕಸುಬಿಗೆ. ಆದರೆ ಕರಡಿನ ಮೊದಲರ್ಧವನ್ನು ಪೂರ್ತಿ ಅಳಿಸಿ ಮತ್ತೆ ಬರೆ.

ಅಷ್ಟೂ ಜಾಗ ಸಾಫ್ಟ್‌ವೇರ್ ಕೆಲಸವನ್ನು ಬೈಯುವುದಕ್ಕೇ ಹೋಗಿದೆ. ಪರದೆ ನೋಡಿ ಜೀವ ಬತ್ತಿತು, ಮನುಷ್ಯರ ಸಂಪರ್ಕವೇ ಇಲ್ಲ ಎಂದೆಲ್ಲ ಬರೆದಿದ್ದೀಯ. ನಿಜವೇ ಇರಬಹುದು. ಆದರೆ ಓದುವ ಪ್ರವೇಶ ಸಮಿತಿಯವರು ಇದರಿಂದ ಏನು ತಿಳಿದುಕೊಳ್ಳುತ್ತಾರೆ? ಬೇಸರ ಬಂದರೆ ಎದ್ದು ಹೋಗುವವಳು ಎಂದು. ಹಲ್ಲಿನ ಕೆಲಸದಲ್ಲಿ ಬೇಸರವಿಲ್ಲವೇ? ದಿನವಿಡೀ ಬಗ್ಗಿ ಕುತ್ತಿಗೆ, ಬೆನ್ನು ಹಿಡಿದುಕೊಳ್ಳುತ್ತವೆ. ಬೆಳಿಗ್ಗೆ ಹುಳುಕು, ಮಧ್ಯಾಹ್ನ ಹುಳುಕು, ಸಂಜೆಗೂ ಹುಳುಕು.

ನಮ್ಮ ಕಡೆ ಕಟ್ಟೆ ರೋಗ ಬಿದ್ದು ಏಲಕ್ಕಿ ಹಾಳಾದಾಗ ಎಷ್ಟೋ ಮನೆಯವರು ಕಾಫಿಗೆ, ಮೆಣಸಿಗೆ ತಿರುಗಿಕೊಂಡರು. ಏಲಕ್ಕಿಯಲ್ಲಿ ಕಲಿತ ನೆರಳಿನ ಅಂದಾಜು ಕಾಫಿ ತೋಟದ ಮರಗಸಿಗೂ ಒದಗಿತು. ನಿನ್ನ ಬದಲಾವಣೆಯನ್ನೂ ಹಾಗೆ ನೋಡು: ಹಳೆಯದರಿಂದ ಏನು ಉಳಿಯಿತು?

ನಮ್ಮ ಜಿಲ್ಲೆಯವರೇ ಆದ ಗೊರೂರಿನ ಜಿ.ಆರ್. ಗೋಪಿನಾಥ್ ಅವರನ್ನು ನೆನಪಿಸಿಕೊ. 1971ರ ಯುದ್ಧ ಕಂಡ ಸೈನ್ಯಾಧಿಕಾರಿ. ಸೇನೆ ಬಿಟ್ಟು ಜಾವಗಲ್ ಬಳಿಯ ಒಣನೆಲದಲ್ಲಿ ಬೇಸಾಯಕ್ಕೆ ನಿಂತರು, ರೇಷ್ಮೆ ಬೆಳೆದರು. ಆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದರು. ಇಷ್ಟೆಲ್ಲ ಆದರೂ ಹೆಸರಿನ ಮುಂದಿನ ‘ಕ್ಯಾಪ್ಟನ್’ ಹಾಗೇ ಉಳಿಯಿತು. ನೀನೂ ಎಂಜಿನಿಯರ್ ಆಗಿದ್ದುದನ್ನು ಬಚ್ಚಿಡಬೇಕಾಗಿಲ್ಲ.

ನಿನ್ನಲ್ಲಿ ಉಳಿದಿರುವುದೇನೆಂದು ನಾನೇ ಹೇಳುತ್ತೇನೆ. ತಪ್ಪು ಕಾಣಿಸುವ ಕಡೆಯೇ ಇರುವುದಿಲ್ಲವೆಂದು ನಿನಗೆ ಗೊತ್ತು. ನಮ್ಮಲ್ಲೂ ಹಾಗೆಯೇ. ರೋಗಿ ಕೆಳದವಡೆಯ ಹಲ್ಲಿಗೆ ಬೆರಳಿಟ್ಟು ಇದೇ ನೋವು ಎನ್ನುತ್ತಾನೆ, ಹುಳುಕು ಅದೇ ಪಕ್ಕದ ಮೇಲಿನ ಹಲ್ಲಿನಲ್ಲಿರುತ್ತದೆ. ಅವನ ಮಾತು ನಂಬಿ ತಕ್ಷಣ ಕಿತ್ತರೆ ಒಳ್ಳೆಯ ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ. ತಟ್ಟಿ, ತಣ್ಣಗಿನದು ಮುಟ್ಟಿಸಿ, ಎಕ್ಸ್‌ರೇ ನೋಡಿ, ಒಂದೊಂದನ್ನೇ ಬದಿಗಿಡುತ್ತಾ ಕಾರಣಕ್ಕೆ ತಲುಪುವ ತಾಳ್ಮೆ ಬೇಕು. ಅದು ನಿನಗೆ ಕೆಲಸ ಕಲಿಸಿದ ತಾಳ್ಮೆ. ಒಂದು ರಾತ್ರಿ ಕೂತು ಹುಡುಕಿದ ಒಂದೇ ಒಂದು ದೋಷದ ಕಥೆ ಬರೆ, ಸಾಕು.

ಇಲ್ಲಿನ ಮಕ್ಕಳಿಗೆ ಇಂಥ ಬರವಣಿಗೆ ರೂಢಿಯಿಲ್ಲ. ನಮ್ಮಲ್ಲಿ ಬಿಡಿಎಸ್ ಸೀಟು ಕೊಡುವುದು ನೀಟ್ ಅಂಕ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಅದನ್ನೇ ಕೇಳುತ್ತಾರೆ, ಅದೂ ಖಾಲಿ ಜಾಗ ಸೇರಿ 4,500 ಅಕ್ಷರದೊಳಗೆ. ಅಷ್ಟರಲ್ಲಿ ‘ಚಿಕ್ಕಂದಿನ ಕನಸು’ ಎಂಬ ಸುಳ್ಳಿಗೆ ಜಾಗವಿಲ್ಲ. ಕನಸಿದ್ದರೆ ಎಂಜಿನಿಯರಿಂಗ್ ಯಾಕೆ ಓದಿದೆ ಎಂದು ಸಂದರ್ಶನದಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀಯ. ನಡುವೆ ಮನಸ್ಸು ತಿರುಗಿತು ಎಂದು ನೇರವಾಗಿ ಬರೆ. ತಿರುಗಿದ ಮೇಲೆ ಏನು ಮಾಡಿದೆ ಎಂಬುದನ್ನು ಅದಕ್ಕಿಂತ ವಿವರವಾಗಿ ಬರೆ: ಕೆಲಸ ಮುಗಿಸಿ ಸಂಜೆ ಹೋಗಿ ಓದಿದ ಜೀವಶಾಸ್ತ್ರ, ರಸಾಯನಶಾಸ್ತ್ರ, ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತು ನೋಡಿದ ಗಂಟೆಗಳು. ಇವನ್ನು ಕರಡಿನ ಕೊನೆಗೆ ತಳ್ಳಿದ್ದೀಯ. ಮಾತಿಗಿಂತ ಗಟ್ಟಿ ಸಾಕ್ಷಿ ಅವೇ.

ಇನ್ನು ನನ್ನನ್ನು ಬಹಳ ಕಾಡಿದ ಭಾಗ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ನೀನು ಕಂಡ ಹೆಂಗಸಿನ ಬಗ್ಗೆ ‘ಅಜ್ಞಾನ, ಬಡತನ’ ಎಂದು ಎರಡೇ ಪದದಲ್ಲಿ ಮುಗಿಸಿದ್ದೀಯಲ್ಲ, ಅದು. ತೋಟದವರು ಹಲ್ಲು ಉಳಿಸಿಕೊಳ್ಳದಿರುವುದು ಬುದ್ಧಿ ಇಲ್ಲದ್ದಕ್ಕಲ್ಲ. ಬೇರುನಾಳದ ಚಿಕಿತ್ಸೆಗೆ ಹಲವು ಸಲ ಬರಬೇಕಾಗುತ್ತದೆ. ಒಂದೊಂದು ಸಲಕ್ಕೂ ಆ ದಿನದ ಕೂಲಿ ಹೋಯಿತು, ಬಸ್ಸಿಗೆ ದುಡ್ಡಾಯಿತು, ಮಳೆಗಾಲದಲ್ಲಿ ಬಸ್ಸೇ ಬರದಿರಬಹುದು. ಅದಕ್ಕೇ ‘ಕಿತ್ತಾಕಿ ಸಾರ್’ ಎನ್ನುತ್ತಾರೆ. ಕೈಯಲ್ಲಿರುವ ಕಾಸಿಗೆ ಅದು ಲೆಕ್ಕ ಹಾಕಿದ ಮಾತು. ಚಳಿಯಲ್ಲಿ, ಮಳೆಯಲ್ಲಿ ದುಡಿಯುವವರಿಗೆ ಎಲೆಅಡಿಕೆ ಹೊಗೆಸೊಪ್ಪೇ ಜೊತೆ. ಅಡಿಕೆಯೇ ಕ್ಯಾನ್ಸರ್‌ಕಾರಕವೆಂಬ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿ 2004ರಲ್ಲೇ ಬಂತು. ಅಡಿಕೆ ಬೆಳೆಯುವ ನಮ್ಮಂಥವರಿಗೆ ಇದು ಗಂಟಲಲ್ಲಿ ಇಳಿಯದ ಮಾತು, ಆದರೂ ಹೇಳಲೇಬೇಕು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ತೂಗುತ್ತಲೇ ಇವೆ. ವರ್ಷಗಟ್ಟಲೆ ಜಗಿದವರ ಕೆನ್ನೆಯ ಒಳಪೊರೆ ಗಡಸಾಗಿ ಬಾಯಿ ಬಿಗಿಯುತ್ತದೆ. ಮೂರು ಬೆರಳು ಹಿಡಿಸಬೇಕಾದ ಬಾಯಿಗೆ ಒಂದೂ ಹಿಡಿಸದು. ಖಾರ ತಾಗಿದರೆ ಉರಿ. ಆ ಹಂತದಲ್ಲಿ ಹಳೆಯ ಬಾಯಿ ಮರಳಿ ಬರುವುದಿಲ್ಲ. ಮೊದಲೇ ಕಂಡು ಚಟ ಬಿಡಿಸಿದರೆ ಮಾತ್ರ ಉಳಿವು.

ಆ ಹೆಂಗಸಿನಲ್ಲಿ ನೀನು ಕಂಡದ್ದು ಈ ಬಿಗಿದ ಬಾಯನ್ನೇ ಆದರೆ ಕಂಡದ್ದನ್ನಷ್ಟೇ ಬರೆ. ಅವಳು ಹೇಗೆ ಊಟ ಮಾಡುತ್ತಿದ್ದಳು, ಏನು ಹೇಳಿದಳು, ನೀನು ಏನು ಕೇಳಿದೆ. ಹೆಸರು ಬೇಡ, ಗುರುತು ಬೇಡ. ಅವಳ ನೋವು ನಿನ್ನ ಸೀಟಿಗೆ ಮೆಟ್ಟಿಲಾಗಬಾರದು. ಅವಳ ಬಗ್ಗೆ ಬರೆದ ಪ್ರತಿ ಸಾಲನ್ನೂ ಅವಳ ಎದುರೇ ಓದಿ ಹೇಳಲು ನಿನಗೆ ಧೈರ್ಯವಿರಬೇಕು.

‘ಓದಿ ಊರಿಗೆ ಬಂದು ಸೇವೆ ಮಾಡುತ್ತೇನೆ’ ಎಂಬ ಕೊನೆಯ ವಾಕ್ಯ ತೆಗೆ. ನಾಲ್ಕು ವರ್ಷದ ಅಲ್ಲಿನ ಓದಿಗೆ ಮಾಡುವ ಸಾಲ ಸಣ್ಣದಲ್ಲ, ತೀರಿಸಲು ಅಲ್ಲೇ ದುಡಿಯಬೇಕಾಗಬಹುದು. ಬರುವವಳಾದರೆ ಆಮೇಲೆ ಬಾ, ನಮ್ಮ ಬಾಗಿಲು ತೆರೆದೇ ಇರುತ್ತದೆ. ಕೊಡಲಾಗದ ಮಾತನ್ನು ಕಾಗದದ ಮೇಲೆ ಕೊಡಬೇಡ.

ತಿದ್ದಿದ ಮೇಲೆ ಅದನ್ನು ಫೋನಿನಲ್ಲಿ ನಿನ್ನಮ್ಮನಿಗೆ ಕನ್ನಡದಲ್ಲಿ ಹೇಳು. ಅವರ ಮುಂದೆ ಹೇಳಲು ನಾಲಗೆ ಅಳುಕುವ ವಾಕ್ಯವನ್ನು ಕಿತ್ತುಹಾಕು. ಅರ್ಜಿಗಳು ಜೂನ್‌ನಿಂದಲೇ ಹೋಗತೊಡಗುತ್ತವೆ, ಬಂದ ಹಾಗೆ ಸೀಟು ತುಂಬುತ್ತವೆ. ತಡಮಾಡದೆ ಕಳಿಸು.