ಆ್ಯಂಟಿವೈರಸ್ ತೆಗೆದ ಮೇಲೆ ಬಿಲ್ಲಿಂಗ್ ನಿಂತರೆ



ವಾಯಿದೆ ಮುಗಿದ ಆ್ಯಂಟಿವೈರಸ್ಸನ್ನು ಒಂದು ಶನಿವಾರ ರಾತ್ರಿ ನಾವೇ ಕಂಪ್ಯೂಟರಿನಿಂದ ತೆಗೆದೆವು. ಭಾನುವಾರ ಬೆಳಿಗ್ಗೆ ತಿಂಡಿಯ ಗಡಿಬಿಡಿಯಲ್ಲಿ ಇಂಟರ್‌ನೆಟ್ಟೂ ಇಲ್ಲ, ಅಡುಗೆಮನೆಗೆ ಕೆ.ಓ.ಟಿ.ಯೂ ಹೋಗಲಿಲ್ಲ. ಮಧ್ಯಾಹ್ನದವರೆಗೆ ಕೈಬರಹದ ಬಿಲ್ಲೇ ಗತಿಯಾಯಿತು.

ಕಾರಣ ಇಷ್ಟೇ: ಆ್ಯಂಟಿವೈರಸ್ ನೆಟ್‌ವರ್ಕಿನ ಬಾಗಿಲಲ್ಲಿ ತನ್ನ ಕಾವಲು ಫೈಲುಗಳನ್ನು ಕೂರಿಸಿರುತ್ತದೆ. ಅರೆಬರೆ ತೆಗೆದರೆ ಅವು ಅಲ್ಲೇ ಉಳಿದು ದಾರಿ ಅಡ್ಡಗಟ್ಟುತ್ತವೆ.

ಆದ್ದರಿಂದ ಸದಸ್ಯರು ಗಮನಿಸಬೇಕಾದದ್ದು:

1. ಮೊದಲು ಬಿಲ್ಲಿಂಗ್ ಹಾಗೂ ಟ್ಯಾಲಿ ಲೆಕ್ಕದ ಬ್ಯಾಕಪ್ ತೆಗೆದು, ಪೆನ್‌ಡ್ರೈವ್ ಕಳಚಿಡಿ.

2. ಅದೇ ಕಂಪನಿಯ ರಿಮೂವಲ್ ಟೂಲನ್ನು ಮುಂಚಿತವಾಗಿಯೇ ಇಳಿಸಿಟ್ಟುಕೊಳ್ಳಿ; ನೆಟ್ ನಿಂತ ಮೇಲೆ ಇಳಿಸಲಾಗದು.

3. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದು ರೀಸ್ಟಾರ್ಟ್ ಮಾಡಿ. ತೊಂದರೆ ಉಳಿದರೆ ಆ ಟೂಲ್ ಓಡಿಸಿ, ಮತ್ತೆ ರೀಸ್ಟಾರ್ಟ್ ಮಾಡಿ.

4. ಹಳೆಯದು ಪೂರ್ತಿ ಹೋದ ಮೇಲೆಯೇ ಹೊಸದು. ಎರಡು ಒಟ್ಟಿಗಿದ್ದರೆ ಒಂದಕ್ಕೊಂದು ಜಗಳ.

5. ಹೊಸದು ಹಾಕುವವರೆಗೆ ವಿಂಡೋಸ್ ಡಿಫೆಂಡರ್ ಚಾಲೂ ಇದೆಯೇ ನೋಡಿ.

ಹಾಗೆಂದು ಕಾವಲಿಲ್ಲದೆ ಬಿಡುವುದೂ ಸಲ್ಲ. 2018ರ ಆಗಸ್ಟಿನಲ್ಲಿ ನಮ್ಮ ಪುಣೆಯ ಕಾಸ್ಮೋಸ್ ಬ್ಯಾಂಕಿಗೇ ಮಾಲ್‌ವೇರ್ ನುಗ್ಗಿಸಿ ಸುಮಾರು 94 ಕೋಟಿ ರೂಪಾಯಿ ದೋಚಿದ್ದರು. ನಮ್ಮ ಗಲ್ಲಾಪೆಟ್ಟಿಗೆ ಚಿಕ್ಕದಿರಬಹುದು, ಬೆವರು ನಮ್ಮದೇ.

ಕೊನೆಯ ಮಾತು: ಈ ಕೆಲಸಕ್ಕೆ ಶನಿವಾರ ರಾತ್ರಿ ಬೇಡ, ಗಿರಾಕಿ ಕಡಿಮೆಯಿರುವ ವಾರದ ಮಧ್ಯಾಹ್ನವೇ ಸರಿ.